ಸೆಂಟ್ರಲ್ ಕಾಲೇಜಿನ ಕಪ್ಪೆಗಳು

ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೊ ರೈಲು ಹತ್ತಿದವನು ನಡುವೆ ಎಲ್ಲಿಯೂ ಬಂಡಿ ಬದಲಾಯಿಸದೆ ಸೆಂಟ್ರಲ್ ಕಾಲೇಜಿನ ಬಾಗಿಲಿಗೆ ಬರಬಹುದು. ಅಲ್ಲಿ ಇಳಿಯದೆ ಕುಳಿತೇ ಇದ್ದರೆ ಊರಿನ ಇನ್ನೊಂದು ಕೊನೆಯ ಜ್ಞಾನಭಾರತಿಯನ್ನೂ ಮುಟ್ಟಬಹುದು. 2023ರಲ್ಲಿ ನೇರಳೆ ಮಾರ್ಗ ಪೂರ್ಣವಾದ ಮೇಲೆ ಬೆಂಗಳೂರಿಗರಿಗೆ ಒದಗಿದ ಅನುಕೂಲ ಇದು. ದಾರಿ ಹಾಕಿದ ಇಂಜಿನಿಯರುಗಳು ಉದ್ದೇಶಿಸಿರಲಾರರು. ಆದರೆ ನಮ್ಮ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರ ಬೆಳೆದುಬಂದ ಕಥೆಯನ್ನು ಹೇಳುವುದಕ್ಕೆ ಈ ಒಂದು ದಾರಿಯೇ ಬಹುಮಟ್ಟಿಗೆ ಸಾಲುತ್ತದೆ.

ಅಗ್ರಹಾರದ ಕಡೆಯಿಂದಲೇ ಆರಂಭಿಸೋಣ. ಅಲ್ಲಿಗೆ ಸಮೀಪದ ಕಾಡುಗೋಡಿಯಲ್ಲಿ ಹನ್ನೊಂದನೆಯ ಶತಮಾನದ, ಚೋಳರ ಕಾಲದ ತಮಿಳು ಶಾಸನವೊಂದುಂಟು. ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬುಗಳನ್ನಿಡಿಸಿದ ಸಂಗತಿಯನ್ನು ಅದು ಹೇಳುತ್ತದೆ. ಸಾವಿರ ವರ್ಷದ ಹಿಂದೆ ಇಲ್ಲಿ ನೀರು ನಿಲ್ಲಿಸಿದ್ದರೆಂಬುದನ್ನು ನಾವು ಇಂದು ಧೈರ್ಯವಾಗಿ ಹೇಳುವುದಾದರೆ, ಅದು ಯಾರೋ ಕಲ್ಲಿನ ಮೇಲೆ ಕೊರೆದದ್ದರಿಂದ; ಕೊರೆದದ್ದನ್ನು ಯಾರೂ ಒಡೆದು ಚಪ್ಪಡಿ ಮಾಡಿಕೊಳ್ಳದೆ ಬಿಟ್ಟದ್ದರಿಂದ. ಆದರೆ ಆ ಕೆರೆಯ ದಂಡೆಯಲ್ಲಿ ಮಳೆಗಾಲದ ರಾತ್ರಿ ಯಾವ ಯಾವ ಕಪ್ಪೆಗಳು ವಟಗುಟ್ಟುತ್ತಿದ್ದುವು ಎಂದು ಕೇಳಿದರೆ ಶಾಸನ ಸುಮ್ಮನಿರುತ್ತದೆ. ಕಪ್ಪೆಗೆ ಶಾಸನ ಬರೆಸುವ ರಾಜರು ಹುಟ್ಟಲಿಲ್ಲ. ಆ ಕೆಲಸವನ್ನು ವಹಿಸಿಕೊಂಡದ್ದು ಬಹು ಈಚಿನ ಕಾಲದ ಒಂದು ಸಂಸ್ಥೆ, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ. ಅದು ಬರೆದದ್ದು ಗಾಜಿನ ಜಾಡಿಯಲ್ಲಿ, ಸ್ಪಿರಿಟ್ಟಿನಲ್ಲಿ. ಕಲ್ಲಿನಷ್ಟು ಗಟ್ಟಿಯಾದ ಪದಾರ್ಥವಲ್ಲ.

ಸೆಂಟ್ರಲ್ ಕಾಲೇಜು 1858ರಲ್ಲಿ ಬೆಂಗಳೂರು ಹೈಸ್ಕೂಲು ಎಂಬ ಹೆಸರಿನಿಂದ ಹುಟ್ಟಿತು. ರೆವರೆಂಡ್ ಜಾನ್ ಗ್ಯಾರೆಟ್ ಅದರ ಮೊದಲ ಪ್ರಿನ್ಸಿಪಾಲರು. 1875ರಲ್ಲಿ ಈಗಿನ ಹೆಸರು ಬಂದಿತು. ಬಹು ಕಾಲ ಅದು ಮದರಾಸು ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಬೆಳೆದ ಕೂಸು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಮೈಸೂರಿನ ಮಹಾರಾಜಾ ಕಾಲೇಜಿಗೆ ಸಾಹಿತ್ಯ, ಚರಿತ್ರೆ ಮೊದಲಾದ ಶಾಸ್ತ್ರಗಳೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವಿಜ್ಞಾನವೂ ಪಾಲಾದುವು. ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಮನೆಯ ಹಿರಿಯ ಮಕ್ಕಳಂತೆ ಮೊದಲೇ ಕೋಣೆ ಹಿಡಿದಿದ್ದುವು. ಬೆಳ್ಳಾವೆ ವೆಂಕಟನಾರಣಪ್ಪನವರಂಥ ಭೌತಶಾಸ್ತ್ರದ ಅಧ್ಯಾಪಕರು ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನೇ ನಡೆಸಿದರು. ಜೀವಶಾಸ್ತ್ರ ತಡವಾಗಿ ಬಂದು ಉಳಿದ ಜಾಗದಲ್ಲಿ ಕುಳಿತುಕೊಂಡಿತು.

ತಡವಾಗಿ ಬಂದರೂ ಅದಕ್ಕೆ ಒಳ್ಳೆಯ ಯಜಮಾನರು ದೊರೆತರು. ಸಿ. ಆರ್. ನಾರಾಯಣರಾಯರು 1882ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದವರು. ಬಳ್ಳಾರಿಯಲ್ಲಿಯೂ ಆಮೇಲೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಓದಿದವರು. ಕೊಯಮತ್ತೂರು, ಎರ್ನಾಕುಳಂಗಳಲ್ಲಿ ಪಾಠ ಹೇಳಿ ಬೆಂಗಳೂರಿಗೆ ಬಂದು, 1937ರಲ್ಲಿ ನಿವೃತ್ತರಾಗುವವರೆಗೆ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ನಡೆಸಿದರು. ಪಾಠ ಹೇಳುವವನು ಸಂಶೋಧನೆಯನ್ನೂ ಮಾಡಬೇಕೆಂಬುದು ಇಂದು ಕಾಗದದ ಮೇಲೆ ಎಲ್ಲರೂ ಒಪ್ಪುವ ಮಾತು. ಅಂದು ಅದು ವಿಚಿತ್ರವಾಗಿ ಕೇಳುತ್ತಿತ್ತು. ಪರೀಕ್ಷೆಗೆ ಹುಡುಗರನ್ನು ಅಣಿಮಾಡುವುದೇ ಕಾಲೇಜಿನ ಧರ್ಮವೆಂದು ತಿಳಿದಿದ್ದ ಕಾಲ. ಹುಡುಗನು ಕಪ್ಪೆಯನ್ನು ಕೊಯ್ದು, ನರ ರಕ್ತನಾಳಗಳ ಚಿತ್ರ ಬರೆದು, ಹೊಟ್ಟೆ ಹೊಲಿಯದೆ ಎಸೆದು ಮನೆಗೆ ಹೋದರೆ ಸಾಕಾಗಿತ್ತು. ಆ ಕಪ್ಪೆಯ ಹೆಸರೇನು, ಅದು ಕೆರೆಯದೋ ಕಾಡಿನದೋ ಎಂದು ಕೇಳಿದವರು ರಾಯರು.

ಈ ಪ್ರಶ್ನೆ ಸಣ್ಣದೆಂದು ವಾಚಕರು ಭಾವಿಸಬಾರದು. ಸಹ್ಯಾದ್ರಿಯ ಮಳೆಕಾಡಿನಲ್ಲಿ ಒಂದು ಹಳ್ಳದ ಕಪ್ಪೆ ಇನ್ನೊಂದು ಹಳ್ಳದಲ್ಲಿ ಇರುವುದಿಲ್ಲ. ಗುಡ್ಡ ದಾಟಿದರೆ ಜಾತಿ ಬದಲಾಗುತ್ತದೆ. ಹೊರನೋಟಕ್ಕೆ ಎಲ್ಲವೂ ಕಂದು, ಎಲ್ಲವೂ ಜಿಗಿಯುವಂಥವು. ಬೆರಳ ತುದಿಯ ಬಿಲ್ಲೆ, ಕಾಲ್ಬೆರಳ ನಡುವಣ ಜಾಲಪೊರೆ ಎಲ್ಲಿಯವರೆಗೆ ಬಂದಿದೆ, ಕಿವಿಯ ತಮಟೆ ಕಾಣುತ್ತದೆಯೋ ಚರ್ಮದೊಳಗೆ ಅಡಗಿದೆಯೋ, ನಾಲಗೆಯ ತುದಿ ಸೀಳಿದೆಯೋ ಇಲ್ಲವೋ ಎಂಬಿವನ್ನೆಲ್ಲ ಅಳೆದು ನೋಡಿದರೆ ಮಾತ್ರ ಬೇರೆ ಬೇರೆ ಎಂದು ತಿಳಿಯುತ್ತದೆ. ಕಪ್ಪೆಯಾಗುವ ಮೊದಲಿನ ಗೊದಮೊಟ್ಟೆಯ ಬಾಯಲ್ಲಿರುವ ಹಲ್ಲಿನ ಸಾಲುಗಳನ್ನೂ ಎಣಿಸಬೇಕು. 1918ರಲ್ಲಿ ರಾಯರು ಭಾರತದ ಗೊದಮೊಟ್ಟೆಗಳ ಮೇಲೆ ಒಂದು ಲೇಖನವನ್ನು ನೆಲ್ಸನ್ ಅನಂಡೇಲರೊಡನೆ ಸೇರಿ ಬರೆದರು. ಅನಂಡೇಲರು ಕಲ್ಕತ್ತೆಯ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೊದಲ ನಿರ್ದೇಶಕರು. ಆ ಸಂಸ್ಥೆಯೂ ನಮ್ಮ ವಿಶ್ವವಿದ್ಯಾನಿಲಯದಂತೆ 1916ರಲ್ಲಿಯೇ ಹುಟ್ಟಿದ್ದು. 1920ರಲ್ಲಿ ರಾಯರು ಕೊಡಗಿನಲ್ಲಿ ಕಾವೇರಿಯ ಉಗಮದ ಕಡೆಯ ಪವಿತ್ರ ಜೌಗಿನ ಒಂದು ಕಪ್ಪೆಯನ್ನು ಲೋಕಕ್ಕೆ ತಿಳಿಸಿ, ಅದರ ಹೆಸರಿನಲ್ಲಿಯೇ 'ಪವಿತ್ರ ಜೌಗಿನದು' ಎಂಬ ಅರ್ಥದ ಲ್ಯಾಟಿನ್ ಪದವನ್ನಿಟ್ಟರು. 1925ರಲ್ಲಿ ರಾಮಣ್ಣ ಎಂಬವರ ಜೊತೆಗೂಡಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಹೊಸದೊಂದು ಕುಲವನ್ನೇ ಸ್ಥಾಪಿಸಿದರು. ಅದರ ಹೆಸರು ರಾಮನೆಲ್ಲ. ರಾಮಣ್ಣನ ಸದ್ದು ಅದರಲ್ಲಿ ಕೇಳುತ್ತದೆ. 2016ರಲ್ಲಿ ವಿದ್ವಾಂಸರು ಆ ಕುಲವನ್ನು ಇನ್ನೊಂದರೊಳಗೆ ಸೇರಿಸಿಬಿಟ್ಟರು. ಹೆಸರುಗಳ ಗತಿ ಅಷ್ಟೆ.

ಇದಕ್ಕೆಲ್ಲ ಬೇಕಾದ ಸಲಕರಣೆ ಏನು? ಸೂಕ್ಷ್ಮದರ್ಶಕ, ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಹಾಳೆಗಿಂತ ತೆಳುವಾಗಿ ಸೀಳುವ ಮೈಕ್ರೊಟೋಮು, ಚಿತ್ರ ಬರೆಯುವ ಕೈ, ಒಂದು ಒಳ್ಳೆಯ ಪುಸ್ತಕಭಂಡಾರ. ಇವಿಷ್ಟನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದೆ ಬಿಡುವುದು ಜಾಡಿಗಳನ್ನು. ಪ್ರಾಣಿಶಾಸ್ತ್ರದಲ್ಲಿ ಹೊಸ ಜಾತಿಯೊಂದಕ್ಕೆ ಹೆಸರಿಟ್ಟವನು ಯಾವ ಒಂದು ಪ್ರಾಣಿಯನ್ನು ನೋಡಿ ಆ ಹೆಸರಿಟ್ಟನೋ ಅದನ್ನು ಕಾದಿರಿಸಬೇಕೆಂಬುದು ಪದ್ಧತಿ. ಅದು ಮೂಲಮಾದರಿ. ನಾಳೆ ಇನ್ನೊಬ್ಬನು ಇನ್ನೊಂದು ಕಪ್ಪೆಯನ್ನು ತಂದು 'ಇದು ಅದೇ ಏನು?' ಎಂದು ಕೇಳಿದರೆ ಜಾಡಿ ತೆರೆದು ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಪೇಟೆಯ ಗಜಕೋಲು ಸರಿಯೋ ತಪ್ಪೋ ಎಂದು ವಾದ ಬಂದಾಗ ಅಳೆದು ನೋಡುವುದಕ್ಕೆ ಸರ್ಕಾರದ ಬಳಿ ಒಂದು ಅಸಲು ಕೋಲು ಇರಬೇಕಲ್ಲವೆ, ಹಾಗೆ.

ಜಾಡಿಯನ್ನು ಕಾಪಾಡುವುದು ದೊಡ್ಡ ವಿದ್ಯೆಯಲ್ಲ, ಆದರೆ ಬಿಡುವಿಲ್ಲದ ಚಾಕರಿ. ಮುಚ್ಚಳ ಎಷ್ಟು ಬಿಗಿಯಾದರೂ ಸ್ಪಿರಿಟ್ಟು ಆರುತ್ತದೆ. ಬೆಂಗಳೂರಿನ ಬೇಸಗೆಯಲ್ಲಿ ಬೇಗ ಆರುತ್ತದೆ. ವರ್ಷಕ್ಕೊಮ್ಮೆಯಾದರೂ ನೋಡಿ ತುಂಬಬೇಕು. ಚೀಟಿಯನ್ನು ಜಾಡಿಯ ಹೊರಗೆ ಅಂಟಿಸಿದರೆ ಜಿರಲೆ ತಿನ್ನುತ್ತದೆ. ಪೆನ್ಸಿಲಿನಲ್ಲಿ ಇಲ್ಲವೆ ಅಳಿಸದ ಮಸಿಯಲ್ಲಿ ಬರೆದು ಒಳಗೇ ಹಾಕಬೇಕು. ಚೀಟಿಯಿಲ್ಲದ ಕಪ್ಪೆ ಹೆಸರಿಲ್ಲದ ಹೆಣಕ್ಕೆ ಸಮಾನ. ಸ್ಪಿರಿಟ್ಟನ್ನು ಕೊಳ್ಳುವುದಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಕಪ್ಪೆಗಾಗಿ ಕೇಳುತ್ತಿದ್ದೇವೆಂದು ನಂಬಿಸುವುದೂ ಪ್ರೊಫೆಸರರ ಕೆಲಸಗಳಲ್ಲಿ ಒಂದು.

ರಾಯರ ಜೀವಮಾನದ ಫಲ 1937ರಲ್ಲಿ ಹೊರಬಂದಿತು. ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಸುಮಾರು 40 ಪುಟಗಳ ಲೇಖನ. ದಕ್ಷಿಣ ಭಾರತದ ಹೊಸ ಕಪ್ಪೆಗಳ ವರ್ಣನೆ. ಅದರ ಪುಟಗಳನ್ನು ತಿರುವುವ ಕನ್ನಡಿಗನಿಗೆ ಒಂದು ಸಂತೋಷ ಕಾದಿದೆ. ಲ್ಯಾಟಿನ್ ಹೆಸರುಗಳ ನಡುವೆ ನಮ್ಮ ಊರುಗಳು ಎದ್ದು ನಿಲ್ಲುತ್ತವೆ: ಅಂದಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರದಿಂದ 'ಕೊಟ್ಟಿಗೆಹಾರೆನ್ಸಿಸ್', ಸಕಲೇಶಪುರದ ಘಟ್ಟದ ಕೆಂಪುಹೊಳೆಯಿಂದ 'ಕೆಂಫೊಲೆಯೆನ್ಸಿಸ್'. ಕೆಂಪುಹೊಳೆಯ ಕಾಡಿನ ಒಂದು ನೆಲಗಪ್ಪೆಗೆ ಮೋಟು ಮೂತಿಯದೆಂಬ ಅರ್ಥದಲ್ಲಿ 'ಬ್ರೆವಿರಾಸ್ಟ್ರಿಸ್' ಎಂದು ಹೆಸರು ಬಿದ್ದಿತು. ಕೊಟ್ಟಿಗೆಹಾರವನ್ನು ಇಂದು ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನದಿಂದ ಬಲ್ಲವರು ಬಹಳ. ಲೋಕದ ಪ್ರಾಣಿಶಾಸ್ತ್ರಜ್ಞರು ಆ ಊರ ಹೆಸರನ್ನು ಅದಕ್ಕೂ ಎಷ್ಟೋ ಮೊದಲೇ ಒಂದು ಪುಟ್ಟ ಕಪ್ಪೆಯಿಂದ ಕಲಿತಿದ್ದರು. ಹಳ್ಳದ ಸದ್ದಿನಲ್ಲಿ ದನಿ ಕೇಳಿಸದೆಂದು ಹಿಂಗಾಲನ್ನು ಚಾಚಿ ಬೀಸಿ ಎದುರಾಳಿಗೆ ಎಚ್ಚರಿಕೆ ಕೊಡುವ, ಈಗ ಪತ್ರಿಕೆಗಳು 'ಕುಣಿಯುವ ಕಪ್ಪೆ' ಎಂದು ಕರೆಯುವ ಕುಲಕ್ಕೆ ಸೇರಿದ್ದು ಅದು. ಈ ಲೇಖನದ ಮೂಲಮಾದರಿಗಳೆಲ್ಲ ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿ ಉಳಿದುವು. ಅದೇ ವರ್ಷ ರಾಯರು ನಿವೃತ್ತರಾದರು.

ಅವರ ಇನ್ನೊಂದು ಕೆಲಸ ಹೆಚ್ಚು ಪ್ರಸಿದ್ಧ. 1932ರಲ್ಲಿ ಬೆಂಗಳೂರಿನಿಂದ ಹೊರಡತೊಡಗಿದ 'ಕರೆಂಟ್ ಸೈನ್ಸ್' ಪತ್ರಿಕೆಗೆ ಅವರೇ ಮೊದಲ ಸಂಪಾದಕರು. ಇಂಗ್ಲೆಂಡಿನ 'ನೇಚರ್' ಪತ್ರಿಕೆಯ ಮಾದರಿಯಲ್ಲಿ ಭಾರತದ ವಿಜ್ಞಾನಿಗಳಿಗೆ ಒಂದು ವೇದಿಕೆ ಬೇಕೆಂಬ ಹಂಬಲದಿಂದ ಬಂದ ಪತ್ರಿಕೆ ಅದು, ಇಂದಿಗೂ ನಡೆದಿದೆ.

ಶಿಷ್ಯರೂ ಗುರುವಿಗೆ ತಕ್ಕವರು. ಎಲ್. ಎಸ್. ರಾಮಸ್ವಾಮಿಯವರು ಕಪ್ಪೆಗಳ ತಲೆಬುರುಡೆಯ ರಚನೆಯನ್ನು ಬಿಡಿಸಿ ತೋರಿಸಿದರು. ಆಮೇಲೆ ಜಯಪುರದಲ್ಲಿ ರಾಜಸ್ಥಾನ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರವನ್ನು ಕಟ್ಟಿದರು. ಬಿ. ಆರ್. ಶೇಷಾಚಾರರು ಹಿಡಿದದ್ದು ಕಪ್ಪೆಯ ದಾಯಾದಿಯಾದ, ಕಾಲಿಲ್ಲದೆ ಮಣ್ಣಿನೊಳಗೆ ಹುಳುವಿನಂತೆ ಹರಿಯುವ ಸಿಸಿಲಿಯನ್ ಎಂಬ ಉಭಯಚರವನ್ನು. ಮಲೆನಾಡಿನ ತೋಟದಲ್ಲಿ ಗುದ್ದಲಿಗೆ ಸಿಕ್ಕಿದರೆ ಆಳುಗಳು ಹಾವೆಂದು ಕೊಚ್ಚಿಹಾಕುವ ಪ್ರಾಣಿ ಅದು. ಅದರ ಬೀಜಕೋಶಗಳಲ್ಲಿ ವರ್ಣತಂತುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಶೇಷಾಚಾರರು 1936ರಲ್ಲಿ ಜರ್ಮನಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ದಿಲ್ಲಿ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಮುಖ್ಯಸ್ಥರಾಗಿ ಹೋದರು. 2003ರಲ್ಲಿ ಮಹಾರಾಷ್ಟ್ರದ ಒಂದು ಹೊಸ ಸಿಸಿಲಿಯನ್ನಿಗೆ ಅವರ ಹೆಸರಿಟ್ಟಿದ್ದಾರೆ.

ಸಸ್ಯಶಾಸ್ತ್ರದಲ್ಲಿ ಎಂ. ಎ. ಸಂಪತ್ಕುಮಾರನ್ ಇದ್ದರು. ಅಲ್ಲಿ ಓದಿದ ಬಿ. ಜಿ. ಎಲ್. ಸ್ವಾಮಿಯವರನ್ನು ಕನ್ನಡ ವಾಚಕರಿಗೆ ಪರಿಚಯ ಮಾಡಿಕೊಡುವುದು ಅಧಿಕಪ್ರಸಂಗವಾದೀತು. 'ಹಸುರು ಹೊನ್ನು' ಓದಿ ನಕ್ಕವರಲ್ಲಿ ಎಷ್ಟು ಮಂದಿಗೆ ಅವರು 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಪಡೆದು, ಹಾರ್ವರ್ಡಿನಲ್ಲಿ ಬೈಲಿಯವರ ಜೊತೆ ಕೆಲಸ ಮಾಡಿದರೆಂಬುದು ತಿಳಿದಿದೆಯೋ ಕಾಣೆ. ಅವರೂ 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ರಾಮಸ್ವಾಮಿ ಜಯಪುರಕ್ಕೆ, ಶೇಷಾಚಾರ್ ದಿಲ್ಲಿಗೆ, ಸ್ವಾಮಿ ಮದರಾಸಿಗೆ: ಮನೆಯವರಿಗಿಂತ ಪರಊರಿನವರು ನಮ್ಮ ಮಕ್ಕಳ ಬೆಲೆಯನ್ನು ಬೇಗ ಅರಿತರು. ಮನುಷ್ಯರು ಹೋದಲ್ಲಿ ವಿದ್ಯೆ ಅವರ ಜೊತೆ ಹೋಯಿತು. ಜಾಡಿಗಳು ಹೋಗಲಿಲ್ಲ, ಬೆಂಗಳೂರಿನಲ್ಲಿಯೇ ಉಳಿದುವು.

ಆಮೇಲಿನದು ಆಡಳಿತದ ಕಥೆ, ಬೇಗ ಹೇಳಿ ಮುಗಿಸಬಹುದು. 1960ರಲ್ಲಿ ಮೈಸೂರಿನಲ್ಲಿ ಮಾನಸಗಂಗೋತ್ರಿ ತಲೆಯೆತ್ತಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಗಿ, ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿತು. 1973ರಲ್ಲಿ ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದಾಗ ಊರಾಚೆ ಸಾವಿರ ಎಕರೆಗೂ ಮಿಕ್ಕ ಜ್ಞಾನಭಾರತಿಯ ಆವರಣ ತೆರೆಯಿತು. ಕಾಲಕ್ರಮದಲ್ಲಿ ಒಂದು ಜೀವಶಾಸ್ತ್ರ ಹಲವಾಯಿತು: ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಜೊತೆಗೆ ರೇಷ್ಮೆ ಕೃಷಿ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ, ಪರಿಸರ ವಿಜ್ಞಾನ. 2017ರಲ್ಲಿ ವಿಶ್ವವಿದ್ಯಾನಿಲಯ ಮತ್ತೆ ಮೂರಾಗಿ ಒಡೆದು ಸೆಂಟ್ರಲ್ ಕಾಲೇಜಿನ ಹಳೆಯ ಕಟ್ಟಡ ಇನ್ನೊಂದು ವಿಶ್ವವಿದ್ಯಾನಿಲಯದ ಕೇಂದ್ರವಾಯಿತು. ಇಷ್ಟು ಸಲ ಪಾಲಾದ ಮನೆಯಲ್ಲಿ ಕಂಚು ತಾಮ್ರದ ಪಾತ್ರೆಗಳ ಲೆಕ್ಕ ಸಿಕ್ಕೀತು. ಅಜ್ಜಿಯ ಉಪ್ಪಿನಕಾಯಿ ಜಾಡಿಯನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ನಾರಾಯಣರಾಯರ 1937ರ ಮೂಲಮಾದರಿಗಳು ಇಂದಿಲ್ಲ. ಮುಂದಿನ ಪೀಳಿಗೆಯ ಕಪ್ಪೆತಜ್ಞರು ಅವು ಕಳೆದುಹೋಗಿವೆ ಎಂದು ದಾಖಲಿಸಿದ್ದಾರೆ. ಲೋಕದ ಉಭಯಚರಗಳ ಪಟ್ಟಿಯಲ್ಲಿ ಆ ಜಾತಿಗಳ ಎದುರಿಗೆ 'ಸೆಂಟ್ರಲ್ ಕಾಲೇಜು, ಬೆಂಗಳೂರು. ಈಗ ನಷ್ಟ' ಎಂಬರ್ಥದ ಟಿಪ್ಪಣಿ ನಿಂತಿದೆ. ನಮ್ಮ ಕಾಲೇಜಿನ ಹೆಸರು ಇಂಥ ಸ್ಥಳದಲ್ಲಿ ಹೀಗೆ ಅಚ್ಚಾಗಿರುವುದನ್ನು ಕಂಡರೆ ಯಾರಿಗೆ ತಾನೆ ನಾಚಿಕೆಯಾಗದು?

ಹೋದರೆ ಹೋಗಲಿ, ಕೆಲವು ಸತ್ತ ಕಪ್ಪೆಗಳು ತಾನೆ ಎನ್ನುವವರಿಗೆ ಹೇಳಬೇಕಾದ ಮಾತೊಂದಿದೆ. ಘಟ್ಟದಲ್ಲಿ ಅಣೆಕಟ್ಟು, ರಸ್ತೆ, ವಿದ್ಯುತ್ ಯೋಜನೆ ಬಂದಾಗ ಅಲ್ಲಿ ಯಾವ ಪ್ರಾಣಿಗೆ ಅಪಾಯ ಎಂದು ಸರ್ಕಾರವೂ ನ್ಯಾಯಾಲಯವೂ ಕೇಳುತ್ತವೆ. ಜಾತಿಯ ಗುರುತೇ ಖಚಿತವಾಗದಿದ್ದರೆ ಅದು ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ ಎಂದು ಹೇಳುವ ಬಗೆ ಹೇಗೆ? ರಾಯರು ಹೆಸರಿಸಿದ ಕಪ್ಪೆಗಳಲ್ಲಿ ಕೆಲವು ದಶಕಗಳ ಕಾಲ ಬರಿಯ ಹೆಸರುಗಳಾಗಿ ಉಳಿದುವು. ಇದೆಯೋ ಅಳಿಯಿತೋ ಎಂದು ಹೇಳಬಲ್ಲವರಿರಲಿಲ್ಲ. ದಿಲ್ಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಅವರು 2010ರಲ್ಲಿ ಕಾಣೆಯಾದ ಕಪ್ಪೆಗಳನ್ನು ಹುಡುಕುವ ಕಾರ್ಯವನ್ನು ದೇಶದಾದ್ಯಂತ ಆರಂಭಿಸಿದರು. ಮರುವರ್ಷ ಸಿಕ್ಕಿದುವೆಂದು ಸಾರಿದ ಕಪ್ಪೆಗಳಲ್ಲಿ ರಾಯರು 1937ರಲ್ಲಿ 'ಎಲೆಗನ್ಸ್' ಎಂದು, ಎಂದರೆ ಅಂದವಾದದ್ದು ಎಂದು, ಹೆಸರಿಟ್ಟಿದ್ದ ಕಪ್ಪೆಯೂ ಇತ್ತು. ಎಪ್ಪತ್ತಕ್ಕೂ ಮಿಕ್ಕ ವರ್ಷ ಅದು ಕಾಡಿನಲ್ಲಿ ತನ್ನ ಪಾಡಿಗೆ ತಾನಿತ್ತು. ಶಾಸ್ತ್ರದಲ್ಲಿ ಮಾತ್ರ ಕಾಣೆಯಾಗಿತ್ತು.

ಇನ್ನೂ ಒಂದು ನಷ್ಟ ಕಾಲ ಕಳೆದಂತೆ ಹಿಗ್ಗಿದೆ. 1937ರಲ್ಲಿ ಜಾಡಿಯೊಳಗಿನ ಕಪ್ಪೆ ಚರ್ಮ, ಮೂಳೆ, ಅಳತೆಗಳನ್ನು ಮಾತ್ರ ಕೊಡಬಲ್ಲದಾಗಿತ್ತು. ಇಂದಿನ ಪ್ರಯೋಗಶಾಲೆ ಎಷ್ಟೋ ಹಳೆಯ ಮಾದರಿಗಳಿಂದ ಡಿ.ಎನ್.ಎ. ತುಣುಕುಗಳನ್ನು ಹೊರತೆಗೆದು ಓದಬಲ್ಲದು. ಅಂದಿನವರಿಗೆ ಕಲ್ಪನೆಗೂ ನಿಲುಕದ ಪ್ರಶ್ನೆಗೆ ಆ ಜಾಡಿ ಉತ್ತರ ಕೊಡಬಹುದಾಗಿತ್ತು. ಲಕ್ಷ ಲಕ್ಷ ರೂಪಾಯಿನ ಯಂತ್ರವನ್ನು ತರಿಸಿ ಉದ್ಘಾಟನೆ ಮಾಡಿಸಿ ಫಲಕ ಹಾಕಿಸಿಕೊಳ್ಳಬಹುದು. ಯಂತ್ರ ಹತ್ತು ವರ್ಷಕ್ಕೆ ಹಳತಾಗುತ್ತದೆ. ಜಾಡಿಗೆ ಸ್ಪಿರಿಟ್ಟು ತುಂಬುವುದಕ್ಕೆ ಒಬ್ಬ ಅಟೆಂಡರನ್ನೂ ಪಟ್ಟಿ ಬರೆಯುವುದಕ್ಕೆ ಒಬ್ಬ ಪಾಲಕನನ್ನೂ ನೇಮಿಸೆಂದರೆ ಯಾವ ಆಯವ್ಯಯದಲ್ಲಿಯೂ ಅದಕ್ಕೆ ಶೀರ್ಷಿಕೆ ಇರುವುದಿಲ್ಲ. ಪಾಠ ಹೇಳದವನಿಗೆ ವಿಶ್ವವಿದ್ಯಾನಿಲಯದಲ್ಲಿ ಸಂಬಳವೇಕೆ ಎಂಬುದು ಲೆಕ್ಕಪತ್ರದವರ ಹಳೆಯ ವಾದ.

ಇದು ನಮ್ಮ ನಾಡಿನಲ್ಲಿ ಆಗದ ಕೆಲಸವೆಂದೇನೂ ಅಲ್ಲ. ಕೆಂಪುಹೊಳೆ ಇರುವ ಅದೇ ಹಾಸನ ಜಿಲ್ಲೆಯ ಗಿಡಮರಗಳನ್ನು ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನರು ಶಿಷ್ಯರೊಡನೆ ಅಲೆದು ಸಂಗ್ರಹಿಸಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಅವರ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು ತಂದರು. ಒಣಗಿಸಿ ಹಾಳೆಗೆ ಹೊಲಿದ ಗಿಡಗಳ ಒಂದು ಪ್ರತಿ ಬೆಂಗಳೂರಿನಲ್ಲಿ ಉಳಿದರೆ ಇನ್ನೊಂದು ಸಮುದ್ರ ದಾಟಿತು. ಬೆಂಗಳೂರಿನ ಸಂಗ್ರಹ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಬಂದು ಇಂದಿಗೂ ಉಪಯೋಗದಲ್ಲಿದೆ. ಮಾಧವ ಗಾಡ್ಗೀಳರು 1983ರಲ್ಲಿ ಕಟ್ಟಿದ ಕೇಂದ್ರ ಅದು. ಒಂದೇ ಜಿಲ್ಲೆಯ ಕಾಡು. ಗಿಡಗಳು ಉಳಿದುವು, ಕಪ್ಪೆಗಳು ಉಳಿಯಲಿಲ್ಲ. ಗಿಡಗಳು ಎರಡು ಕಡೆ ಇದ್ದುವು, ಮತ್ತು ಮನೆ ಬದಲಾಯಿಸುವಾಗ ಅವನ್ನು ಎದುರುಗೊಳ್ಳುವುದಕ್ಕೆ ಬೇರೆ ಮನೆಯೊಂದು ಸಿದ್ಧವಾಗಿತ್ತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ 1964ರಲ್ಲಿಯೇ ಹುಟ್ಟಿದ್ದು. ಅಲ್ಲಿನ ಕೀಟಸಂಗ್ರಹವನ್ನು ಜಿಗಿಹುಳುಗಳ ತಜ್ಞರಾದ ಸಿ. ಎ. ವಿರಕ್ತಮಠರಂಥವರು ಲೋಕದ ವಿದ್ವಾಂಸರು ಹುಡುಕಿಕೊಂಡು ಬರುವಂತೆ ಬೆಳೆಸಿದರು. ರೈತನ ಬೆಳೆಗೆ ಬಿದ್ದ ಹುಳು ಯಾವುದೆಂದು ತಿಳಿಯಬೇಕಾದ್ದರಿಂದ ಅಲ್ಲಿ ಡಬ್ಬಿಗಳಿಗೆ ಬೆಲೆ ಬಂದಿತು. ಮಾನಸಗಂಗೋತ್ರಿಯವರು ಹಣ್ಣುನೊಣಗಳ ಸಂತತಿಗಳನ್ನು ಸೀಸೆಗಳಲ್ಲಿ ಜೀವಂತವಾಗಿಯೇ ಸಾಕುತ್ತ ಬಂದಿದ್ದಾರೆ. ದೇಶದ ಬೇರೆ ಪ್ರಯೋಗಶಾಲೆಗಳಿಗೂ ಅಲ್ಲಿಂದ ನೊಣಗಳು ಹೋಗುತ್ತವೆ. ಸತ್ತ ಕಪ್ಪೆ ಒಂದು ವರ್ಷ ಮರೆತರೆ ತಾಳಿಕೊಳ್ಳುತ್ತದೆ. ಹಣ್ಣುನೊಣ ಒಂದು ತಿಂಗಳ ಮರೆವನ್ನೂ ತಾಳದು. ಅಂಥದ್ದನ್ನೇ ಪೀಳಿಗೆ ಪೀಳಿಗೆಯಾಗಿ ಉಳಿಸಿಕೊಂಡ ವಿಭಾಗವೂ ಅದೇ ಹಳೆಯ ಮೈಸೂರು ವಿಶ್ವವಿದ್ಯಾನಿಲಯದ್ದು ಎಂಬುದು ಗಮನಿಸತಕ್ಕ ಸಂಗತಿ.

ನಾರಾಯಣರಾಯರು 1960ರ ಜನವರಿಯಲ್ಲಿ ತೀರಿಕೊಂಡರು. ಐವತ್ತು ವರ್ಷಗಳ ಮೇಲೆ, 2010ರಲ್ಲಿ, ಬಿಜು ಮತ್ತು ಅವರ ಸಂಗಡಿಗರು ಆನೆಮುಡಿ ಶಿಖರದ ಒಂದು ಕೆಂಬಣ್ಣದ ಕಪ್ಪೆಯನ್ನು ವರ್ಣಿಸುತ್ತ, ಪೊದೆಗಪ್ಪೆಗಳ ಒಂದು ದೊಡ್ಡ ಗುಂಪಿಗೆ ರಾಯರ ನೆನಪಿನಲ್ಲಿ 'ರಾವೊರ್ಕೆಸ್ಟಿಸ್' ಎಂದು ಹೊಸ ಕುಲನಾಮವನ್ನು ಇಟ್ಟರು. ಆ ಲೇಖನ ಪ್ರಕಟವಾದದ್ದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ.

ಮೂಲಮಾದರಿ ನಷ್ಟವಾದಾಗ ಅದರ ಸ್ಥಾನದಲ್ಲಿ ಹೊಸದೊಂದನ್ನು ಆರಿಸಿ ನಿಲ್ಲಿಸಲು ಶಾಸ್ತ್ರದ ನಿಯಮಗಳಲ್ಲಿ ಅವಕಾಶವಿದೆ. ಸಾಧ್ಯವಾದಷ್ಟೂ ಮೊದಲಿನದು ಸಿಕ್ಕಿದ ಸ್ಥಳದಿಂದಲೇ ಅದನ್ನು ತರಬೇಕು. ಆದುದರಿಂದ ಮುಂಗಾರು ಹಿಡಿದ ಮೇಲೆ ಕೆಂಪುಹೊಳೆಗೋ ಕೊಟ್ಟಿಗೆಹಾರಕ್ಕೋ ಹೋಗುವ ಸಂಶೋಧಕರು ಟಾರ್ಚು, ಚೀಲ, ಜಿಗಣೆಗೆ ಹಚ್ಚುವ ಹೊಗೆಸೊಪ್ಪುಗಳ ಜೊತೆಗೆ 1937ರ ಆ ಲೇಖನದ ಪ್ರತಿಯನ್ನೂ ಒಯ್ಯಬೇಕಾಗುತ್ತದೆ. ಹಳ್ಳದ ಬಂಡೆಯ ಮೇಲೆ ಕಪ್ಪೆಯನ್ನು ಒಂದು ಕೈಯಲ್ಲಿ ಹಿಡಿದು, ರಾಯರು ಬರೆದ ಅಳತೆಗಳನ್ನು ಓದುತ್ತ, ಬೆರಳ ತುದಿಯ ಬಿಲ್ಲೆಯನ್ನು ಒಂದೊಂದಾಗಿ ನೋಡುತ್ತ ಹೋಗಬೇಕು.